ಜರ್ಮನ್ ಸಾಮ್ರಾಜ್ಯದ ಮಾದರಿ ನಾಣ್ಯಗಳು: ಚಲಾವಣೆಗೆ ಬಾರದ ಹಣದ ಬೆಲೆ

ಯಾವುದೇ ಸರಕನ್ನು ಲಕ್ಷಗಟ್ಟಲೆ ತಯಾರಿಸುವ ಮುನ್ನ ಅದರ ಕೆಲವೇ ಮಾದರಿಗಳನ್ನು ಮಾಡಿ, ಅಳೆದು, ತೂಗಿ, ಬಲ್ಲವರ ಮುಂದಿಟ್ಟು ಅಭಿಪ್ರಾಯ ಪಡೆಯುವುದು ಉದ್ದಿಮೆದಾರರೆಲ್ಲರಿಗೂ ತಿಳಿದ ಕ್ರಮ. ನಾಣ್ಯವೂ ಒಂದು ತಯಾರಿಕಾ ವಸ್ತುವೇ ಆದುದರಿಂದ ಟಂಕಸಾಲೆಗಳೂ ಇದೇ ಕ್ರಮವನ್ನು ಅನುಸರಿಸುತ್ತ ಬಂದಿವೆ. ಹೊಸ ಮುಖಬೆಲೆ, ಹೊಸ ಲೋಹ ಅಥವಾ ಹೊಸ ವಿನ್ಯಾಸವನ್ನು ಪರಿಶೀಲಿಸುವ ಸಲುವಾಗಿ ಒತ್ತಿದ ಬಿಲ್ಲೆಗಳಿಗೆ ಮಾದರಿ ನಾಣ್ಯಗಳೆಂದು ಹೆಸರು. ಜರ್ಮನ್ ಭಾಷೆಯಲ್ಲಿ ಇವುಗಳನ್ನು ‘ಪ್ರೋಬೆ’ ಎನ್ನುತ್ತಾರೆ. ಒಪ್ಪಿಗೆ ಪಡೆದ ಮಾದರಿಯು ಕೋಟಿಗಟ್ಟಲೆ ನಾಣ್ಯವಾಗಿ ಹೊರಬರುತ್ತದೆ. ತಿರಸ್ಕೃತವಾದುದು ಕಡತದೊಳಗೋ ಅಧಿಕಾರಿಯ ಮೇಜಿನ ಖಾನೆಯೊಳಗೋ ಸೇರಿಹೋಗುತ್ತದೆ. ಹಾಗೆ ಉಳಿದ ಬೆರಳೆಣಿಕೆಯ ಬಿಲ್ಲೆಗಳು ಇಂದು ವಿದೇಶೀ ಹರಾಜುಗಳಲ್ಲಿ ಚಲಾವಣೆಯ ನಾಣ್ಯಕ್ಕಿಂತ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತವೆ. ಬೆಲೆ ಹೆಚ್ಚಿದಂತೆ ಮೋಸವೂ ಹೆಚ್ಚುತ್ತದೆ ಎಂಬುದನ್ನು ವ್ಯಾಪಾರಿಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ.

1871ರಿಂದ 1918ರವರೆಗೆ ಬಾಳಿದ ಜರ್ಮನ್ ಸಾಮ್ರಾಜ್ಯದ ಮಾದರಿ ನಾಣ್ಯಗಳು ಈ ವಿಷಯವನ್ನು ಅರಿಯಲು ಬಹಳ ಅನುಕೂಲವಾಗಿವೆ. ಹೊಸ ಹಣವೊಂದನ್ನು ಬುಡದಿಂದಲೇ ಕಟ್ಟಬೇಕಾದ ಸನ್ನಿವೇಶ, ಸರ್ಕಾರದ ಶಿಸ್ತು, ಖಾಸಗಿ ಪದಕ ತಯಾರಕರ ಉತ್ಸಾಹ ಮತ್ತು ಕೊನೆಗೆ ಯುದ್ಧಕಾಲದ ಲೋಹದ ಬರ, ಇವೆಲ್ಲವೂ 47 ವರ್ಷಗಳ ಈ ಅವಧಿಯಲ್ಲಿಯೇ ಕಾಣಸಿಗುತ್ತವೆ.

ಹಲವು ಹಣಗಳಿಂದ ಒಂದು ಹಣ

ಏಕೀಕರಣಕ್ಕೆ ಮುನ್ನ ಉತ್ತರ ಜರ್ಮನಿಯಲ್ಲಿ ಟಾಲರ್, ದಕ್ಷಿಣದಲ್ಲಿ ಗುಲ್ಡೆನ್ ಚಲಾವಣೆಯಲ್ಲಿದ್ದವು. ಗಡಿ ದಾಟುವ ಪ್ರತಿಯೊಬ್ಬ ವರ್ತಕನೂ ವಿನಿಮಯದ ಲೆಕ್ಕವನ್ನು ಜೊತೆಗಿಟ್ಟುಕೊಳ್ಳಬೇಕಾಗಿತ್ತು. 1871ರ ಡಿಸೆಂಬರ್ 4ರ ಕಾಯಿದೆ ಮತ್ತು 1873ರ ಜುಲೈ 9ರ ನಾಣ್ಯ ಕಾಯಿದೆಗಳು ಈ ಗೊಂದಲವನ್ನು ಕೊನೆಗಾಣಿಸಿ, 100 ಫೆನಿಗ್‌ಗಳಿಗೆ ಸಮನಾದ ಮಾರ್ಕ್ ಎಂಬ ಹಣವನ್ನು ಚಿನ್ನದ ಆಧಾರದ ಮೇಲೆ ಸ್ಥಾಪಿಸಿದವು. 500 ಗ್ರಾಂ ಅಪರಂಜಿ ಚಿನ್ನದಿಂದ 1,395 ಮಾರ್ಕ್ ಬೆಲೆಯ ನಾಣ್ಯಗಳನ್ನು ಒತ್ತಬೇಕೆಂದು ನಿಗದಿಯಾಯಿತು. ಅದರಂತೆ 20 ಮಾರ್ಕ್ ಚಿನ್ನದ ನಾಣ್ಯದ ತೂಕ 7.965 ಗ್ರಾಂ; ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಚಿನ್ನ.

ಈ ಬದಲಾವಣೆಯ ಬಿಸಿ ಭಾರತಕ್ಕೂ ತಟ್ಟಿತು. ಚಿನ್ನದ ಆಧಾರಕ್ಕೆ ಹೊರಳಿದ ಜರ್ಮನಿಯು ತನ್ನ ಹಳೆಯ ಟಾಲರ್‌ಗಳನ್ನು ಕರಗಿಸಿ ಬಂದ ಬೆಳ್ಳಿಯನ್ನು 1879ರವರೆಗೆ ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕದ ಹೊಸ ಗಣಿಗಳ ಬೆಳ್ಳಿಯೂ ಇದಕ್ಕೆ ಸೇರಿಕೊಂಡು, ಲಂಡನ್ನಿನಲ್ಲಿ 1870ರ ಸುಮಾರಿಗೆ ಔನ್ಸ್ ಒಂದಕ್ಕೆ 60 ಪೆನ್ಸ್ ಇದ್ದ ಬೆಳ್ಳಿಯ ಧಾರಣೆ 1892ರ ವೇಳೆಗೆ 40 ಪೆನ್ಸ್ ಆಸುಪಾಸಿಗೆ ಇಳಿಯಿತು. ಸುಮಾರು ಎರಡು ಶಿಲಿಂಗ್ ಬಾಳುತ್ತಿದ್ದ ಬೆಳ್ಳಿಯ ರೂಪಾಯಿ ಒಂದೂಕಾಲು ಶಿಲಿಂಗಿಗೆ ಕುಸಿಯಿತು. 1893ರ ಜೂನ್‌ನಲ್ಲಿ ಭಾರತದ ಟಂಕಸಾಲೆಗಳು ಸಾರ್ವಜನಿಕರ ಬೆಳ್ಳಿಯನ್ನು ಪಡೆದು ರೂಪಾಯಿ ಒತ್ತಿಕೊಡುವುದನ್ನು ನಿಲ್ಲಿಸಿದುದರ ಹಿಂದೆ ಈ ಕುಸಿತವಿತ್ತು.

ಹೊಸ ಸಾಮ್ರಾಜ್ಯದಲ್ಲಿ 25 ಸಂಸ್ಥಾನಗಳು ಮತ್ತು ಸ್ವತಂತ್ರ ನಗರಗಳಿದ್ದವು. 1 ಮಾರ್ಕ್ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳು ದೇಶದಾದ್ಯಂತ ಒಂದೇ ರೂಪದಲ್ಲಿದ್ದವು. 2 ಮಾರ್ಕ್ ಮತ್ತು ಮೇಲ್ಪಟ್ಟವುಗಳ ಒಂದು ಬದಿಯಲ್ಲಿ ಸಾಮ್ರಾಜ್ಯದ ಹದ್ದು, ಇನ್ನೊಂದು ಬದಿಯಲ್ಲಿ ಆಯಾ ಸಂಸ್ಥಾನದ ಅರಸನ ಮುಖ ಅಥವಾ ನಗರದ ಲಾಂಛನ ಇರುತ್ತಿತ್ತು. ಅರಸನು ತೀರಿಕೊಂಡರೆ ಹೊಸ ಮುಖ, ಹೊಸ ಅಚ್ಚು. ಅಚ್ಚು ಬದಲಾದಾಗಲೆಲ್ಲ ಹೊಸ ಮಾದರಿಗಳಿಗೆ ಅವಕಾಶ. ಟಂಕಸಾಲೆಯನ್ನು ಗುರುತಿಸಲು ಒಂದೊಂದು ಅಕ್ಷರವನ್ನು ಗೊತ್ತುಮಾಡಲಾಗಿತ್ತು: ಬರ್ಲಿನ್ನಿಗೆ ಎ, ಮ್ಯೂನಿಕ್‌ಗೆ ಡಿ, ಸ್ಯಾಕ್ಸನಿಗೆ ಇ, ಸ್ಟುಟ್‌ಗಾರ್ಟ್‌ಗೆ ಎಫ್, ಕಾರ್ಲ್ಸ್‌ರೂಹೆಗೆ ಜಿ, ಹ್ಯಾಂಬರ್ಗ್‌ಗೆ ಜೆ. ಹ್ಯಾನೋವರ್, ಫ್ರಾಂಕ್‌ಫರ್ಟ್ ಮತ್ತು ಡಾರ್ಮ್‌ಸ್ಟಾಟ್ ಟಂಕಸಾಲೆಗಳು 1882ರೊಳಗೆ ಮುಚ್ಚಿದವು. ಸ್ಯಾಕ್ಸನಿಯ ಟಂಕಸಾಲೆಯು 1887ರಲ್ಲಿ ಡ್ರೆಸ್ಡೆನ್ನಿನಿಂದ ಮುಲ್ಡೆನ್‌ಹ್ಯೂಟೆನ್‌ಗೆ ಸ್ಥಳಾಂತರಗೊಂಡಿತು. ನಾಣ್ಯವನ್ನು ಪರೀಕ್ಷಿಸುವವರಿಗೆ ಈ ಅಕ್ಷರಗಳ ಪರಿಚಯ ಅಗತ್ಯ: ಟಂಕಸಾಲೆಯು ಮುಚ್ಚಿದ ಅನಂತರದ ವರ್ಷಾಂಕದೊಡನೆ ಅದರ ಅಕ್ಷರವಿದ್ದರೆ ಮುಂದಿನ ವಿಚಾರಣೆಯೇ ಬೇಕಿಲ್ಲ.

ಮಾದರಿ ಹುಟ್ಟುವ ಬಗೆ

ಕಲಾವಿದನು ಮೊದಲು ನಾಣ್ಯಕ್ಕಿಂತ ಹಲವು ಪಟ್ಟು ದೊಡ್ಡದಾದ ಉಬ್ಬುಚಿತ್ರವನ್ನು ಮೇಣದಲ್ಲಿ ಅಥವಾ ಗಾರೆಯಲ್ಲಿ ತಯಾರಿಸುತ್ತಾನೆ. ಅದರಿಂದ ಗಟ್ಟಿಯಾದ ಲೋಹದ ಪ್ರತಿಯನ್ನು ತೆಗೆದು ಕಿರಿದುಗೊಳಿಸುವ ಯಂತ್ರಕ್ಕೆ ಜೋಡಿಸುತ್ತಾರೆ. ಯಂತ್ರದ ಒಂದು ತುದಿಯ ಮೊನೆಯು ದೊಡ್ಡ ಚಿತ್ರದ ಮೇಲೆ ನಿಧಾನವಾಗಿ ಸಾಗಿದಂತೆ ಇನ್ನೊಂದು ತುದಿಯ ಕತ್ತರಿಸುವ ಮೊನೆಯು ಅದೇ ಚಿತ್ರವನ್ನು ನಾಣ್ಯದ ಗಾತ್ರದಲ್ಲಿ ಉಕ್ಕಿನ ಮೇಲೆ ಕೊರೆಯುತ್ತದೆ. ಆ ಉಕ್ಕನ್ನು ಹದಗೊಳಿಸಿ ಅಚ್ಚು ಪಡೆಯುತ್ತಾರೆ. ಅಚ್ಚು ಸರಿಯಾಗಿದೆಯೇ ಎಂದು ನೋಡಲು ಸೀಸ ಅಥವಾ ತವರದಂತಹ ಮೆತು ಲೋಹದಲ್ಲಿ, ಎಷ್ಟೋ ವೇಳೆ ಒಂದೇ ಬದಿಗೆ, ಮೊದಲ ಒತ್ತು ತೆಗೆಯುವುದುಂಟು. ಅನಂತರ ತಾಮ್ರ, ನಿಕ್ಕಲ್, ಬೆಳ್ಳಿ ಎಂದು ಬೇರೆಬೇರೆ ಲೋಹಗಳಲ್ಲಿ ಒತ್ತಿ ಹೋಲಿಸುತ್ತಾರೆ.

ಹೀಗೆ ಒಂದೇ ಜೋಡಿ ಅಚ್ಚಿನಿಂದ ನಾಲ್ಕಾರು ಬಗೆಯ ಬಿಲ್ಲೆಗಳು ಹುಟ್ಟುತ್ತವೆ: ನಿಗದಿತ ಲೋಹದ ಮಾದರಿ, ಬೇರೆ ಲೋಹದ ಒತ್ತು, ದುಪ್ಪಟ್ಟು ದಪ್ಪದ ಒತ್ತು, ಅಂಚಿನಲ್ಲಿ ಗೀರಿಲ್ಲದ ಒತ್ತು. ಕೆಲವುದರ ಮೇಲೆ ‘ಪ್ರೋಬೆ’ ಎಂಬ ಪದವನ್ನು ಕೊರೆದಿರುತ್ತಾರೆ. ಹಲವುದರ ಮೇಲೆ ಅದು ಇರುವುದೇ ಇಲ್ಲ. ಇಲ್ಲಿ ಒಂದು ಪದದ ಗೊಂದಲವನ್ನು ತಿಳಿಸಲೇಬೇಕು. ಇಂಗ್ಲಿಷಿನ ‘ಪ್ರೂಫ್’ ಎಂಬುದು ಹೊಳಪುಗೊಳಿಸಿದ ಅಚ್ಚಿನಿಂದ ಸಂಗ್ರಾಹಕರಿಗಾಗಿ ಎಚ್ಚರಿಕೆಯಿಂದ ಒತ್ತಿದ ನಾಣ್ಯ. ಜರ್ಮನ್ನಿನ ‘ಪ್ರೋಬೆ’ ಎಂಬುದು ಪ್ರಯೋಗದ ಮಾದರಿ. ಉಚ್ಚಾರಣೆಯ ಸಾಮ್ಯದಿಂದ ಒಂದನ್ನು ಇನ್ನೊಂದೆಂದು ಬಗೆದರೆ ಸಾಮಾನ್ಯ ಸಂಗ್ರಹ ನಾಣ್ಯಕ್ಕೆ ಅಪರೂಪದ ಮಾದರಿಯ ಬೆಲೆ ತೆತ್ತಂತಾಗುತ್ತದೆ.

25 ಫೆನಿಗ್‌ನ ಕಥೆ

ಸಾಮ್ರಾಜ್ಯದ ಚಿಲ್ಲರೆ ನಾಣ್ಯಗಳಲ್ಲಿ ಅತಿ ಹೆಚ್ಚು ತೊಂದರೆ ಕೊಟ್ಟುದು 10 ಮತ್ತು 50 ಫೆನಿಗ್‌ಗಳ ನಡುವಣ ಸ್ಥಾನ. ಮೊದಲು 1873ರಿಂದ 1877ರವರೆಗೆ 20 ಫೆನಿಗ್‌ನ ಬೆಳ್ಳಿ ನಾಣ್ಯವನ್ನು ಒತ್ತಲಾಯಿತು. ಅದರ ಅಗಲ 16 ಮಿ.ಮೀ., ತೂಕ ಕೇವಲ 1.11 ಗ್ರಾಂ. ಕಿಸೆಯ ಮೂಲೆಯಲ್ಲಿ ಸೇರಿಕೊಂಡರೆ ಹುಡುಕಿ ತೆಗೆಯುವುದೇ ಕಷ್ಟ. ಇದರ ಪಾಠದಿಂದ 1887ರಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹದ 23 ಮಿ.ಮೀ. ಅಗಲದ, 6.25 ಗ್ರಾಂ ತೂಕದ ದೊಡ್ಡ ನಾಣ್ಯ ಬಂದಿತು. ಅದೂ ಜನರಿಗೆ ಹಿಡಿಸಲಿಲ್ಲ. 1892ರ ಅನಂತರ ಅದನ್ನು ಒತ್ತಲಿಲ್ಲ. ಚಿನ್ನದ 5 ಮಾರ್ಕ್ ನಾಣ್ಯಕ್ಕೂ ಇದೇ ಗತಿಯಾಯಿತು. ಎರಡು ಗ್ರಾಂಗೂ ತುಸು ಕಡಿಮೆ ತೂಗುತ್ತಿದ್ದ ಆ ಪುಟ್ಟ ಬಿಲ್ಲೆಯ ಒತ್ತುವಿಕೆ 1877-78ರ ಎರಡು ವರ್ಷಗಳಲ್ಲಿಯೇ ನಿಂತುಹೋಯಿತು.

1908ರ ಕಾಯಿದೆ ತಿದ್ದುಪಡಿಯು ಎರಡು ಹೊಸ ಮುಖಬೆಲೆಗಳಿಗೆ ಅನುಮತಿ ನೀಡಿತು: ಬೆಳ್ಳಿಯ 3 ಮಾರ್ಕ್ ಮತ್ತು ನಿಕ್ಕಲ್‌ನ 25 ಫೆನಿಗ್. ಇವುಗಳಲ್ಲಿ 3 ಮಾರ್ಕ್ ವಾಸ್ತವವಾಗಿ ಹೊಸದೇ ಅಲ್ಲ. ಹಳೆಯ ಟಾಲರ್ 3 ಮಾರ್ಕ್ ಬೆಲೆಗೆ 1907ರವರೆಗೂ ಕಾನೂನುಬದ್ಧವಾಗಿ ಚಲಾವಣೆಯಲ್ಲಿದ್ದು, ಜನರ ಕೈಗೆ ಒಗ್ಗಿಹೋಗಿತ್ತು. ಅದೇ ಬೆಲೆಯ ನಾಣ್ಯವನ್ನು ಹೊಸ ರೂಪದಲ್ಲಿ ಕೊಟ್ಟಾಗ ಜನ ಮರುಮಾತಿಲ್ಲದೆ ಸ್ವೀಕರಿಸಿದರು. 25 ಫೆನಿಗ್ ಮಾತ್ರ ನಿಜವಾಗಿಯೂ ಹೊಸ ಸರಕು. ಹಾಗಾಗಿಯೇ ಅದಕ್ಕಾಗಿ ನಡೆದಷ್ಟು ಪ್ರಯೋಗ ಬೇರೆ ಚಿಲ್ಲರೆ ನಾಣ್ಯಗಳಿಗೆ ನಡೆದುದು ವಿರಳ.

1908ರ ವರ್ಷಾಂಕವನ್ನು ಹೊತ್ತ 25 ಫೆನಿಗ್ ಮಾದರಿಗಳು ಹಲವು ವಿನ್ಯಾಸಗಳಲ್ಲಿ, ಹಲವು ಲೋಹಗಳಲ್ಲಿ ಉಳಿದುಬಂದಿವೆ. ಸರ್ಕಾರಿ ಟಂಕಸಾಲೆಗಳಷ್ಟೇ ಅಲ್ಲದೆ ಖಾಸಗಿ ಪದಕ ತಯಾರಕರೂ ತಮ್ಮ ಕೌಶಲವನ್ನು ತೋರಿಸಲು ಮುಂದಾದರು. ಜರ್ಮನ್ ಮಾದರಿ ನಾಣ್ಯಗಳ ಸಂಗ್ರಾಹಕರಿಗೆ 1908 ಒಂದು ಸುಗ್ಗಿಯ ವರ್ಷವೆಂದೇ ಹೇಳಬೇಕು. ಕೊನೆಗೆ ಆಯ್ಕೆಯಾದ ನಾಣ್ಯವು ಅಂದಿನ ಕಲಾಭಿರುಚಿಗೆ ತಕ್ಕಂತೆ ತೆನೆಗಳ ಮಾಲೆಯೊಂದಿಗೆ ಅಚ್ಚುಕಟ್ಟಾಗಿತ್ತು. 1909ರಲ್ಲಿ ಅದನ್ನು ಒತ್ತಲು ಪ್ರಾರಂಭಿಸಿ 1912ರಲ್ಲಿ ನಿಲ್ಲಿಸಲಾಯಿತು. ನಾಲ್ಕೇ ವರ್ಷಗಳ ಬಾಳು.

ಇದಕ್ಕೆ ಕಾರಣವನ್ನು ಅಳತೆಗಳಲ್ಲಿಯೇ ಕಾಣಬಹುದು. 25 ಫೆನಿಗ್‌ನ ಅಗಲ 23 ಮಿ.ಮೀ.; ಬೆಳ್ಳಿಯ 1 ಮಾರ್ಕ್ ನಾಣ್ಯದ ಅಗಲ 24 ಮಿ.ಮೀ. ಎರಡೂ ಬಿಳಿಯ ಲೋಹ. ತೂಕದಲ್ಲಾದರೂ ಪ್ರತ್ಯೇಕವಾಗಿತ್ತೇ ಎಂದರೆ, 25 ಫೆನಿಗ್ ಸರಿಯಾಗಿ 4 ಗ್ರಾಂ, 10 ಫೆನಿಗ್ ಸಹ 4 ಗ್ರಾಂ. ಅಗಲದಲ್ಲಿ ನಾಲ್ಕು ಪಟ್ಟು ಬೆಲೆಯ ನಾಣ್ಯವನ್ನೂ ತೂಕದಲ್ಲಿ ಎರಡೂವರೆ ಪಾಲು ಕಡಿಮೆ ಬೆಲೆಯ ನಾಣ್ಯವನ್ನೂ ಹೋಲುವ ವಸ್ತುವನ್ನು ಸಂಜೆಯ ಮಬ್ಬಿನಲ್ಲಿ ಅಂಗಡಿಯವನು ಹೇಗೆ ಎಣಿಸಬೇಕು? ಇದರೊಂದಿಗೆ, ಹತ್ತರ ಲೆಕ್ಕಕ್ಕೆ ಒಗ್ಗಿದ ಜನರಿಗೆ ಕಾಲು ಮಾರ್ಕ್ ಎಂಬ ಭಾಗವೂ ಸಹಜವೆನಿಸಲಿಲ್ಲ. ಅಷ್ಟೊಂದು ಮಾದರಿಗಳು ಕಲಾಪ್ರಿಯರ ಕಣ್ಣಿನ ಪರೀಕ್ಷೆಗೆ ಒಳಗಾದವೇ ಹೊರತು ವರ್ತಕನ ಬೆರಳಿನ ಪರೀಕ್ಷೆಗೆ ಒಳಗಾದಂತೆ ತೋರುವುದಿಲ್ಲ.

ಪರಿಹಾರಗಳು ತಿಳಿಯದ ಕಾಲವೇನೂ ಅದಾಗಿರಲಿಲ್ಲ. ಬೆಲ್ಜಿಯಂ 1901ರಿಂದಲೇ ನಡುವೆ ರಂಧ್ರವುಳ್ಳ ನಿಕ್ಕಲ್ ಮಿಶ್ರಲೋಹದ ನಾಣ್ಯಗಳನ್ನು ಒತ್ತುತ್ತಿತ್ತು. ಫ್ರಾನ್ಸಿನ 25 ಸೆಂಟಿಮ್ ನಿಕ್ಕಲ್ ನಾಣ್ಯವು 1903ರಲ್ಲಿ ಬೆಳ್ಳಿಯ ಫ್ರಾಂಕ್‌ನೊಡನೆ ಬೆರೆತುಹೋಗಿ ಗಲಿಬಿಲಿಯಾದಾಗ, ಮರುವರ್ಷವೇ ಅದನ್ನು ಬಹುಕೋನದ ಅಂಚಿನಿಂದ ಒತ್ತಿದರು. ಮುಂದೆ ಅದಕ್ಕೂ ರಂಧ್ರವೇ ಬಂದಿತು. ಭಾರತದಲ್ಲಿ 1907ರಲ್ಲಿ ಹೊರಬಂದ ತಾಮ್ರ-ನಿಕ್ಕಲ್‌ನ ಒಂದಾಣೆಯ ಅಲೆಯಂತಹ ಅಂಚನ್ನು ಹಿರಿಯರು ಮರೆತಿರಲಾರರು. ಕತ್ತಲಲ್ಲಿಯೂ ಬೆರಳಿಗೆ ಗುರುತು ಹತ್ತುವ ನಾಣ್ಯವದು.

ಸ್ವತಃ ಜರ್ಮನಿಯೇ ತನ್ನ ಪೂರ್ವ ಆಫ್ರಿಕಾದ ವಸಾಹತಿನಲ್ಲಿ ಇದೇ ಉಪಾಯವನ್ನು ಬಳಸಿತು ಎಂಬುದು ವಿಚಿತ್ರ. ಆ ಕರಾವಳಿಯಲ್ಲಿ ಭಾರತೀಯ ವರ್ತಕರ ವ್ಯವಹಾರದಿಂದಾಗಿ ಭಾರತದ ರೂಪಾಯಿಯೇ ಬೇರೂರಿದ್ದಿತು. ಆದುದರಿಂದ ಜರ್ಮನ್ ಈಸ್ಟ್ ಆಫ್ರಿಕಾ ಕಂಪನಿಯು 1890ರಿಂದ ಒತ್ತಿಸಿದ ನಾಣ್ಯಕ್ಕೂ ‘ರೂಪಿ’ ಎಂದೇ ಹೆಸರಿಟ್ಟು, ನಮ್ಮ ರೂಪಾಯಿಯ 11.66 ಗ್ರಾಂ ತೂಕವನ್ನೂ ಬೆಳ್ಳಿಯ ಶುದ್ಧತೆಯನ್ನೂ ಹಾಗೆಯೇ ಇರಿಸಿಕೊಂಡಿತು. ಒಂದು ರೂಪಿಗೆ 64 ಪೆಸಾ. ರೂಪಾಯಿಗೆ 64 ಪೈಸೆ ಇದ್ದಂತೆ. ಸರ್ಕಾರವು ನಾಣ್ಯದ ಹೊಣೆ ಹೊತ್ತ ಮೇಲೆ ಅದನ್ನು 100 ಹೆಲ್ಲರ್‌ಗಳಾಗಿ ವಿಂಗಡಿಸಲಾಯಿತು. 1908ರಲ್ಲಿ ಹೊರಬಂದ 5 ಹೆಲ್ಲರ್ 20 ಗ್ರಾಂ ತೂಗುವ ಕಂಚಿನ ಹೆಬ್ಬಿಲ್ಲೆ. ಅದನ್ನು ಎರಡೇ ವರ್ಷಗಳಲ್ಲಿ ಕೈಬಿಟ್ಟು, 1913ರಲ್ಲಿ ರಂಧ್ರವುಳ್ಳ ಹಗುರ ನಾಣ್ಯವನ್ನು ತಂದರು. 10 ಹೆಲ್ಲರ್‌ಗಾದರೋ 1908ರಲ್ಲಿಯೇ ರಂಧ್ರವಿತ್ತು. ಬರ್ಲಿನ್ನಿನಲ್ಲಿ 25 ಫೆನಿಗ್‌ಗಾಗಿ ಮಾದರಿಗಳ ಮೇಲೆ ಮಾದರಿ ತಯಾರಾಗುತ್ತಿದ್ದುದೂ ಅದೇ ವರ್ಷ.

ಯುದ್ಧಕಾಲದ ಲೋಹಗಳು

1914ರಲ್ಲಿ ಯುದ್ಧ ಆರಂಭವಾದೊಡನೆ ಪ್ರಶ್ನೆಯೇ ಬದಲಾಯಿತು. ವಿನ್ಯಾಸದ ಚೆಲುವನ್ನು ಕೇಳುವವರಿರಲಿಲ್ಲ. ನಿಕ್ಕಲ್ ಮತ್ತು ತಾಮ್ರ ಶಸ್ತ್ರಾಸ್ತ್ರಗಳಿಗೆ ಬೇಕಾಗಿದ್ದವು. 1915ರಿಂದ 5 ಫೆನಿಗ್ ಕಬ್ಬಿಣದಲ್ಲಿ, 1916ರಿಂದ 10 ಫೆನಿಗ್ ಸಹ ಕಬ್ಬಿಣದಲ್ಲಿ, 1917ರಿಂದ ಅದೇ 10 ಫೆನಿಗ್ ಸತುವಿನಲ್ಲಿ ಬಂದವು. 1 ಫೆನಿಗ್ ಅಲ್ಯೂಮಿನಿಯಂಗೆ ಇಳಿಯಿತು. ಕಬ್ಬಿಣಕ್ಕೆ ತುಕ್ಕು ಹಿಡಿಯದಂತೆ ಬಿಲ್ಲೆಗಳನ್ನು ಸತುವಿನ ಪುಡಿಯೊಡನೆ ಕಾಯಿಸಿ ತೆಳುವಾದ ಲೇಪ ಕೊಡುತ್ತಿದ್ದರು. ಈ ವಿಧಾನವನ್ನು ಕಂಡುಹಿಡಿದವರು ಷೆರಾರ್ಡ್ ಕೌಪರ್-ಕೋಲ್ಸ್ ಎಂಬ ಇಂಗ್ಲಿಷಿನವರು. ಶತ್ರು ದೇಶದ ತಂತ್ರಜ್ಞಾನದಿಂದ ಜರ್ಮನಿಯ ಚಿಲ್ಲರೆ ತುಕ್ಕಿನಿಂದ ಪಾರಾಯಿತು. ಈ ವರ್ಷಗಳ ಮಾದರಿಗಳು ಸಣ್ಣ ಉದ್ದಿಮೆದಾರರಿಗೆ ವಿಶೇಷವಾಗಿ ಅರ್ಥವಾಗುವಂತಹವು. ಕಚ್ಚಾ ಸಾಮಗ್ರಿ ದೊರೆಯದಾದಾಗ ಬದಲಿ ಲೋಹವು ಅಚ್ಚನ್ನು ಎಷ್ಟು ಬೇಗ ಸವೆಸುತ್ತದೆ, ಚಿತ್ರವನ್ನು ಎಷ್ಟು ಸ್ಪಷ್ಟವಾಗಿ ಹಿಡಿಯುತ್ತದೆ ಎಂಬುದನ್ನು ತಿಳಿಯಲು ಒತ್ತಿ ನೋಡುವುದೊಂದೇ ದಾರಿ. ಅವು ನೋಟಕ್ಕೆ ಕಳಾಹೀನವಾಗಿದ್ದರೂ ಪ್ರಯೋಗದ ದೃಷ್ಟಿಯಿಂದ 1908ರ ಅಂದವಾದ ಬಿಲ್ಲೆಗಳಿಗಿಂತ ಹೆಚ್ಚು ಪ್ರಾಮಾಣಿಕವಾದವು.

ಯಾರ ಆದೇಶದ ಮೇರೆಗೆ?

ಮಾದರಿ ನಾಣ್ಯದ ಬೆಲೆಯನ್ನು ನಿರ್ಧರಿಸುವ ಮುಖ್ಯ ಪ್ರಶ್ನೆ ಅದನ್ನು ಯಾರು, ಯಾರ ಆದೇಶದ ಮೇರೆಗೆ ಒತ್ತಿದರು ಎಂಬುದು. ಸರ್ಕಾರದ ಪರಿಶೀಲನೆಗೆಂದು ಟಂಕಸಾಲೆಯು ಒತ್ತಿದ ಬಿಲ್ಲೆ ಒಂದು ಆಡಳಿತ ನಿರ್ಣಯದ ದಾಖಲೆ. ಖಾಸಗಿ ಕಲಾವಿದನು ಸರ್ಕಾರದ ಗಮನ ಸೆಳೆಯಲು ಒತ್ತಿದ್ದು ಒಂದು ಅರ್ಜಿಯಿದ್ದಂತೆ. ಸಂಗ್ರಾಹಕರಿಗೆ ಮಾರಲೆಂದೇ ಒತ್ತಿದ್ದು ನಾಣ್ಯದ ವೇಷ ತೊಟ್ಟ ಪದಕ. ಮೂರೂ ಹಳೆಯವು, ಮೂರೂ ಅಪರೂಪದವು, ಮೂರರ ಮೇಲೂ ಹದ್ದು ಮತ್ತು ಮುಖಬೆಲೆ ಇರಬಹುದು; ಆದರೆ ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಮ್ಯೂನಿಕ್‌ನ ಪದಕ ಕಲಾವಿದ ಕಾರ್ಲ್ ಗೋಟ್ಸ್ ಇದಕ್ಕೆ ಉತ್ತಮ ನಿದರ್ಶನ. 1875ರಲ್ಲಿ ಜನಿಸಿ 1950ರಲ್ಲಿ ನಿಧನರಾದ ಇವರು 1908ರ 25 ಫೆನಿಗ್ ಸೇರಿದಂತೆ ಹಲವಾರು ಖಾಸಗಿ ಮಾದರಿಗಳನ್ನು ತಯಾರಿಸಿದರು. ಕೆಲಸದಲ್ಲಿ ಕಸುವಿದೆ, ಬೇಡಿಕೆಯೂ ಇದೆ. ಆದರೆ ಅವು ಚಲಾವಣೆಯ ಅಂಚಿಗೂ ಬಂದವುಗಳಲ್ಲ. ಗೋಟ್ಸ್ ಜಗತ್ತಿಗೆ ಪರಿಚಿತರಾದುದು ಬೇರೊಂದು ಕಾರಣಕ್ಕೆ. 1915ರ ಮೇ 7ರಂದು ಲೂಸಿಟೇನಿಯಾ ಹಡಗನ್ನು ಜರ್ಮನ್ ಜಲಾಂತರ್ಗಾಮಿಯು ಮುಳುಗಿಸಿದುದನ್ನು ಕುರಿತು ಅವರು ವ್ಯಂಗ್ಯ ಪದಕವೊಂದನ್ನು ಹೊರತಂದರು. ಅದರಲ್ಲಿ ತಪ್ಪಾಗಿ ಮೇ 5 ಎಂದು ನಮೂದಾಗಿತ್ತು. ದಾಳಿಯು ಪೂರ್ವಯೋಜಿತವೆಂಬುದಕ್ಕೆ ಇದೇ ಸಾಕ್ಷಿಯೆಂದು ಬ್ರಿಟಿಷರು ಪ್ರಚಾರ ಮಾಡಿ, ಆ ಪದಕದ ಪ್ರತಿಗಳನ್ನು ಲಕ್ಷಗಟ್ಟಲೆ ತಯಾರಿಸಿ ಮಾರಿದರು. ಇಂದು ಕೈಗೆ ಸಿಗುವ ಲೂಸಿಟೇನಿಯಾ ಪದಕಗಳಲ್ಲಿ ಬಹುಪಾಲು ಬ್ರಿಟಿಷ್ ಪ್ರತಿಗಳೇ. ನೂರು ವರ್ಷ ಹಳೆಯದಾದರೂ ಮೂಲವಲ್ಲದ ವಸ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಸಂಖ್ಯೆಯ ವಿರಳತೆಯನ್ನೂ ಮಾದರಿತನವನ್ನೂ ಬೆರೆಸಬಾರದು. ಲೂಥರನ ಮತಸುಧಾರಣೆಯ 400ನೇ ವರ್ಷದ ನೆನಪಿಗೆ 1917ರಲ್ಲಿ ಸ್ಯಾಕ್ಸನಿಯು ಹೊರತಂದ, ಫ್ರೀಡ್ರಿಕ್ ದಿ ವೈಸ್ ಅವರ ಚಿತ್ರವುಳ್ಳ 3 ಮಾರ್ಕ್ ನಾಣ್ಯವನ್ನು ಮುಲ್ಡೆನ್‌ಹ್ಯೂಟೆನ್‌ನಲ್ಲಿ 100 ಮಾತ್ರ ಒತ್ತಲಾಯಿತು. ಅದು ಮಾದರಿಯಲ್ಲ, ವಿಧಿವತ್ತಾದ ನಾಣ್ಯ. ಅಷ್ಟಾಗಿಯೂ ಎಷ್ಟೋ ಮಾದರಿಗಳಿಗಿಂತ ಅದರ ಬೆಲೆ ಹೆಚ್ಚು. ಹಾಗೆಯೇ ಅದರ ನಕಲಿಗಳೂ ಹೆಚ್ಚು. 100 ಮಾತ್ರ ಇರಬೇಕಾದ ವಸ್ತುವೊಂದು ಸಂತೆಯಲ್ಲಿ ಅಗ್ಗವಾಗಿ ಎದುರಾದರೆ ಏನೆಂದು ತಿಳಿಯಬೇಕೆಂಬುದು ಓದುಗರಿಗೆ ಬಿಟ್ಟದ್ದು.

ಕೊಳ್ಳುವವರು ಗಮನಿಸಬೇಕಾದುದು

ಮೊದಲನೆಯದು ತೂಕ ಮತ್ತು ಅಗಲ. ಚಲಾವಣೆಯ ನಾಣ್ಯಗಳಿಗೆ ಇವು ಕಾಯಿದೆಯಿಂದಲೇ ನಿಗದಿಯಾಗಿರುವುದರಿಂದ ಒಂದು ಒಳ್ಳೆಯ ಚಿನಿವಾರ ತಕ್ಕಡಿ ಹಾಗೂ ಕ್ಯಾಲಿಪರ್ ಅರ್ಧ ಕೆಲಸವನ್ನು ಮುಗಿಸುತ್ತವೆ. ಮಾದರಿಗಳಲ್ಲಿ ಲೋಹ ಬದಲಾದಂತೆ ತೂಕವೂ ಬದಲಾಗುತ್ತದೆ. ಅಲ್ಲಿ ಹೋಲಿಕೆಗೆ ವಿಶೇಷ ಪಟ್ಟಿಗಳೇ ಬೇಕು. ಚಲಾವಣೆಯ ನಾಣ್ಯಗಳಿಗೆ ಯೇಗರ್ ಅವರ ಸಂಖ್ಯೆಗಳೂ ಮಾದರಿಗಳಿಗೆ ಶಾಫ್ ಅವರ ಸಂಖ್ಯೆಗಳೂ ಜರ್ಮನ್ ಹರಾಜುಗಳಲ್ಲಿ ರೂಢಿಯಲ್ಲಿವೆ. ಮಾರುವವರು ಈ ಸಂಖ್ಯೆಯನ್ನು ನಮೂದಿಸದಿದ್ದರೆ ಕೇಳಿ ಪಡೆಯುವುದು ಲೇಸು.

ಎರಡನೆಯದು ಅಂಚು. ಮುಖವನ್ನು ನಕಲು ಮಾಡುವವರು ಅಂಚಿನಲ್ಲಿ ಎಡವುವುದು ಸಾಮಾನ್ಯ. 3 ಮತ್ತು 5 ಮಾರ್ಕ್ ನಾಣ್ಯಗಳ ಅಂಚಿನಲ್ಲಿ ‘ದೇವರು ನಮ್ಮೊಂದಿಗೆ’ ಎಂಬರ್ಥದ ಜರ್ಮನ್ ಬರಹವಿರುತ್ತದೆ. ಎರಕ ಹೊಯ್ದ ನಕಲಿಯಲ್ಲಿ ಈ ಅಕ್ಷರಗಳು ಮೊಂಡಾಗಿರುತ್ತವೆ, ಇಲ್ಲವೇ ಸುತ್ತಲೂ ಕೂಡುಗೆರೆ ಕಾಣುತ್ತದೆ. ಆದರೆ ನಿಜವಾದ ಮಾದರಿಯ ಅಂಚು ಬರಿದಾಗಿಯೂ ಇರಬಹುದು ಎಂಬುದನ್ನು ನೆನಪಿಡಬೇಕು.

ಎಲ್ಲಕ್ಕಿಂತ ಮಿಗಿಲಾದುದು ನಾಣ್ಯವು ಹಿಂದೆ ಯಾರ ಸಂಗ್ರಹದಲ್ಲಿತ್ತು, ಯಾವ ಹರಾಜಿನಲ್ಲಿ ಮಾರಾಟವಾಯಿತು ಎಂಬ ಲಿಖಿತ ದಾಖಲೆ. ಮೂಲ ಅಚ್ಚು ಉಳಿದಿದ್ದರೆ ಅದರಿಂದ ದಶಕಗಳ ಅನಂತರವೂ ಒತ್ತಬಹುದು. ಆಗ ಲೋಹವೂ ಚಿತ್ರವೂ ಸರಿಯಾಗಿದ್ದು ಕಾಲವೊಂದೇ ಸುಳ್ಳಾಗಿರುತ್ತದೆ. ಇದನ್ನು ತಕ್ಕಡಿ ಹಿಡಿಯಲಾರದು. ಅಮೆರಿಕದ ಪಿಸಿಜಿಎಸ್ ಮತ್ತು ಎನ್‌ಜಿಸಿ ಸಂಸ್ಥೆಗಳು ನಾಣ್ಯವನ್ನು ಪರೀಕ್ಷಿಸಿ ಮುದ್ರೆಯೊತ್ತಿದ ಪೆಟ್ಟಿಗೆಯಲ್ಲಿ ಕೊಡುತ್ತವೆ. ಆ ಪೆಟ್ಟಿಗೆಗಳ ನಕಲಿಗಳೂ ಮಾರುಕಟ್ಟೆಯಲ್ಲಿರುವುದರಿಂದ ಅದರ ಮೇಲಣ ಸಂಖ್ಯೆಯನ್ನು ಸಂಸ್ಥೆಯ ದಾಖಲೆಯೊಡನೆ ತಾಳೆ ನೋಡಿಯೇ ಹಣ ತೆರಬೇಕು.

ಇಂತಹ ನಾಣ್ಯಗಳನ್ನು ತರಿಸಿಕೊಂಡು ಮುಂದೆ ವಿದೇಶಕ್ಕೆ ಮಾರುವ ಯೋಚನೆಯುಳ್ಳವರು 1972ರ ಪ್ರಾಚೀನ ವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆಯನ್ನು ಮೊದಲೇ ಓದಿಕೊಳ್ಳುವುದು ಅಗತ್ಯ. ನೂರು ವರ್ಷಗಳಿಗೆ ಕಡಿಮೆಯಿಲ್ಲದ ನಾಣ್ಯವನ್ನು ಆ ಕಾಯಿದೆಯು ಪ್ರಾಚೀನ ವಸ್ತುವಿನ ವ್ಯಾಖ್ಯೆಯೊಳಗೆ ಸೇರಿಸುತ್ತದೆ. ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ನೀಡಿದ ಸಂಸ್ಥೆಯ ಹೊರತು ಬೇರಾರೂ ಅಂತಹ ವಸ್ತುವನ್ನು ರಫ್ತು ಮಾಡುವಂತಿಲ್ಲ. 1908ರ 25 ಫೆನಿಗ್ ಮಾದರಿಗಳು 2008ರಲ್ಲಿಯೂ ಸಾಮ್ರಾಜ್ಯದ ಕೊನೆಯ ವರ್ಷದ ಬಿಲ್ಲೆಗಳು 2018ರಲ್ಲಿಯೂ ಈ ನೂರು ವರ್ಷಗಳ ಗಡಿಯನ್ನು ದಾಟಿವೆ.